ಹುಳುಮನೆಯ ಎರಡನೇ ಮೊಳೆ

ಶ್ರದ್ಧಾಂಜಲಿ ಸಭೆಯಲ್ಲಿ ಮೂರು ಜನ ಮೈಕಿನ ಮುಂದೆ ನಿಂತು ಮೂರು ಬೇರೆ ಬೇರೆ ಪ್ರಾಣಿಗಳನ್ನು ಹೇಳಿದರು. ಮೊದಲನೆಯವರ ಪ್ರಕಾರ ಅದು ಲಾರಿಗೆ ಸಿಕ್ಕ ನವಿಲು. ಎರಡನೆಯವರು ನಿವೃತ್ತ ಹೆಡ್‌ಮಾಸ್ಟರು, ಅವರು ಅದನ್ನು ಜಿಂಕೆ ಮಾಡಿದರು, ಜಿಂಕೆಯ ಕಣ್ಣಲ್ಲಿ ನೀರನ್ನೂ ತರಿಸಿದರು. ಮೂರನೆಯವನು ಪ್ರಾಣಿಪ್ರಿಯರ ಗುಂಪಿನ ಟೀ ಶರ್ಟ್ ಹಾಕಿದ್ದ ಯುವಕ, ಅವನು ಕರೆಂಟ್ ತಂತಿಗೆ ಸುಟ್ಟ ಕೋತಿ ಎಂದ. ಮಿಕ್ಕಿದ್ದೆಲ್ಲ ಒಂದೇ. ಕಲ್ಯಾಣದುರ್ಗದ ರಸ್ತೆ, ಸುಡುಬಿಸಿಲು, ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ ಪಶು ಆಸ್ಪತ್ರೆಯ ಕಾಂಪೌಂಡರು, ದಾರಿಯಲ್ಲಿ ನರಳುವ ಪ್ರಾಣಿ. ಅವರು ಅದನ್ನು ಎದೆಗೊತ್ತಿಕೊಂಡು ಅತ್ತರು, ಅವತ್ತೇ ಪಣ ತೊಟ್ಟರು, ಹಿಂದೂಪುರದ ಹೊರಗಿನ ಈ ವನ್ಯಜೀವಿ ಆಸ್ಪತ್ರೆ ಹೀಗೆ ಹುಟ್ಟಿತು.

ಚರ್ಚಾಸ್ಪರ್ಧೆಯಲ್ಲಿ ಎದುರು ತಂಡದವರು ಇಂಥ ಸಾಕ್ಷ್ಯ ತಂದರೆ ನಾವು ಒಳಗೊಳಗೇ ಖುಷಿಪಡುತ್ತೇವೆ. ಮೂರು ಸಾಕ್ಷಿ, ಮೂರು ಪ್ರಾಣಿ, ಕಣ್ಣೀರು ಮಾತ್ರ ಒಂದೇ. ಅಂದರೆ ಪ್ರಾಣಿಗಿಂತ ಮೊದಲೇ ಕಣ್ಣೀರು ತಯಾರಾಗಿತ್ತು. ಅದೂ ಹೋಗಲಿ, ಕಾಂಪೌಂಡರಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಅವರು ಜೀವಮಾನವಿಡೀ ಬಸ್ಸಿನ ಮನುಷ್ಯ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿಡುವುದರ ಬಗ್ಗೆ ಅವರಿಗೇ ಒಂದು ಅಭಿಪ್ರಾಯವಿತ್ತು, ಅದು ಮುಂದೆ ಬರುತ್ತದೆ. ಊರಿಗೆಲ್ಲ ಅವರು ಕಾಂಪೌಂಡರು. ನನಗೆ ತಾತ, ಸಂಬಂಧದಿಂದಲ್ಲ, ವಯಸ್ಸಿನಿಂದ.

ಇದು ಹೇಗೆ ಶುರುವಾಯಿತು ಎಂದು ನಾನು ಒಂದು ಸಲ ಅವರನ್ನೇ ಕೇಳಿದ್ದೆ. ಗಿಡುಗದ ರೆಕ್ಕೆಗೆ ಕಟ್ಟಲು ಹಳೆಯ ಪಂಚೆಯನ್ನು ಪಟ್ಟಿ ಪಟ್ಟಿಯಾಗಿ ಸೀಳುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ಸಂಜೀಕೆ ಬತ್ತೀನಿ ಅಂದೋರು ಬರ್ಲಿಲ್ಲ ಕಣಮ್ಮ. ಅಷ್ಟೇಯ."

ಕಲ್ಯಾಣದುರ್ಗದ ಪಶು ಆಸ್ಪತ್ರೆಗೆ ಬರುವವರು ಎಮ್ಮೆ ತರುವವರು, ಕುರಿ ತರುವವರು. ನಡುವೆ ಯಾರಾದರೊಬ್ಬರು ರಟ್ಟಿನ ಡಬ್ಬಿಯನ್ನೋ ಟವೆಲಿನ ಗಂಟನ್ನೋ ಹಿಡಿದುಕೊಂಡು ಬರುತ್ತಿದ್ದರು. ಒಳಗೆ ನಾಯಿ ಕಚ್ಚಿದ ಮೊಲ ಇರುತ್ತಿತ್ತು, ಇಲ್ಲವೇ ಬಾವಿಗೆ ಬಿದ್ದ ಉಡ, ಗಾಳಿಪಟದ ದಾರಕ್ಕೆ ರೆಕ್ಕೆ ಸೀಳಿಸಿಕೊಂಡ ಹದ್ದು. ಡಾಕ್ಟರು ಔಷಧಿ ಹಚ್ಚಿ ಮುಂದಿನ ಎಮ್ಮೆಗೆ ಹೋಗುತ್ತಿದ್ದರು. ತಂದವರು, "ಇಲ್ಲೇ ಇರ್ಲಿ ಸಾರ್, ಸಂತೆ ಮುಗಿಸ್ಕಂಡು ಸಂಜೀಕೆ ಬತ್ತೀನಿ" ಎಂದು ಹೋಗುತ್ತಿದ್ದರು. ಸಂಜೆ ಬೀಗ ಹಾಕುವವರು ಕಾಂಪೌಂಡರು. ಒಳಗಿಟ್ಟು ಬೀಗ ಹಾಕಿದರೆ ಉಸಿರುಗಟ್ಟಿ ಸಾಯುತ್ತದೆ, ಜಗಲಿಯಲ್ಲಿ ಬಿಟ್ಟರೆ ನಾಯಿಗಳು ಬರುತ್ತವೆ.

"ಕನಿಕರ ಅನ್ನೋದೇ ಇರ್ಲಿಲ್ವಾ ತಾತ?" ಎಂದೆ. ನಾನು ಬಿಡುವವಳಲ್ಲ.

"ಕನಿಕರ ಇದ್ದೋರು ತಂದ್ರು. ನನ್ತಾವ ಇದ್ದಿದ್ದು ಬೀಗದ ಕೈ."

ಇಂಥ ಆಸ್ಪತ್ರೆಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ ನಾನು ಆಮೇಲೆ ಓದಿದ್ದು ಬಹಳ. ಯಾವುದೂ ಈ ಎರಡು ವಾಕ್ಯಗಳಷ್ಟು ನೇರವಾಗಿಲ್ಲ. ಮೊದಲು ಪ್ರಾಣಿ ಬರುತ್ತದೆ, ಆಮೇಲೆ ಜಾಗ, ಆಮೇಲೆ ಅರಣ್ಯ ಇಲಾಖೆಯ ಒಪ್ಪಿಗೆ ಕಾಗದ. ಎಲ್ಲಕ್ಕಿಂತ ಕೊನೆಗೆ ಬರುವುದು ಕಥೆ. ಮೈಕಿನ ಮುಂದೆ ಹೇಳುವಾಗ ಮಾತ್ರ ಕಥೆ ಎಲ್ಲಕ್ಕಿಂತ ಮುಂದೆ ಬಂದು ಕೂರುತ್ತದೆ.

ಜಾಗ ಯಾರದು ಎಂಬ ಪ್ರಶ್ನೆಯನ್ನು ಅವತ್ತಿನ ಸಭೆಯಲ್ಲಿ ಯಾರೂ ಎತ್ತಲಿಲ್ಲ. ಜಾಗ ಅಜ್ಜಿಯದು, ಅಂದರೆ ಕಾಂಪೌಂಡರ ಹೆಂಡತಿಯದು. ಅವರ ತವರು ಹಿಂದೂಪುರ. ಊರಾಚೆ, ಚಿಲಮತ್ತೂರಿಗೆ ಹೋಗುವ ಕಡೆ, ತವರಿನಿಂದ ಬಂದ ಒಂದು ತುಂಡು ಹಿಪ್ಪುನೇರಳೆ ತೋಟ, ಅದರ ಮಧ್ಯೆ ರೇಷ್ಮೆ ಹುಳು ಸಾಕುವ ಉದ್ದನೆಯ ಮನೆ. ಗಂಡ ಕಲ್ಯಾಣದುರ್ಗದಲ್ಲಿ ನೌಕರಿ, ಹೆಂಡತಿ ಇಲ್ಲಿ ಹುಳು. ಶನಿವಾರ ಬಸ್ಸಿನಲ್ಲಿ ಬರುತ್ತಿದ್ದ ಗಂಡನ ಕಂಕುಳಲ್ಲಿ ಕಾಲಕ್ರಮೇಣ ಡಬ್ಬಿಗಳು ಬರತೊಡಗಿದವು.

ಮೊದಲ ಡಬ್ಬಿಯಲ್ಲಿ ಇದ್ದದ್ದು ಗೂಬೆ. ನವಿಲಲ್ಲ, ಜಿಂಕೆಯಲ್ಲ. ಇದು ಅಜ್ಜಿಯೇ ನನಗೆ ಹೇಳಿದ್ದು, ಆದ್ದರಿಂದ ನಂಬುತ್ತೇನೆ. ಗೂಬೆ ಎಂದು ಹೇಳಿಕೊಂಡರೆ ಯಾರಿಗೂ ಗೌರವ ಬರುವುದಿಲ್ಲ. ಆಗ ಹುಳುಗಳು ನಾಲ್ಕನೇ ಜ್ವರದಲ್ಲಿದ್ದವಂತೆ, ಅಂದರೆ ನಾಲ್ಕನೆಯ ಸಲ ಪೊರೆ ಬಿಡಲು ಮೇವು ಬಿಟ್ಟು ಅಲ್ಲಾಡದೆ ಮಲಗಿದ್ದವು. ಆ ಹೊತ್ತಿನಲ್ಲಿ ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಕಾಲು ತೊಳೆದು ಸುಣ್ಣದ ಮೇಲೆ ಹಾದು ಹೋಗಬೇಕು. ಎಲೆ ಅಡಿಕೆ, ಬೀಡಿ, ಊದುಬತ್ತಿ, ಮುಡಿದ ಹೂವು ಯಾವ ವಾಸನೆಯೂ ಕೂಡದು. ಗಟ್ಟಿಯಾಗಿ ಮಾತಾಡಕೂಡದು. ಆದರೆ ಊರಲ್ಲಿ ಕಿಟಕಿಗೆಲ್ಲ ಬಲೆ ಹೊಡೆದ, ನೊಣ ನುಗ್ಗದ, ಇರುವೆ ಹತ್ತದ, ಒದ್ದೆ ಗೋಣಿ ಕಟ್ಟಿ ತಂಪಾಗಿಟ್ಟ ಕೋಣೆ ಅಂತ ಇದ್ದದ್ದು ಅದೊಂದೇ. ಗಂಡ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತೇ ಇದ್ದರಂತೆ.

"ಏನಂದ್ರಿ ಅಜ್ಜಿ?"

"ಏನನ್ನಾದು? ನನ್ ಹುಳಕ್ಕೆ ಏನ್ ಕಟ್ಟಳೆನೋ ನಿನ್ ಗೂಬೇಗೂ ಅದೇ ಕಟ್ಟಳೆ ಅಂದೆ. ಒಪ್ಪದಿದ್ರೆ ಬಸ್ಸು ಇನ್ನೂ ನಿಂತೈತೆ, ಹತ್ತು ಅಂದೆ."

ಹೀಗೆ ಹುಳದ ಕಟ್ಟಳೆಗಳು ಗೂಬೆಗೆ ಬಂದವು, ಗೂಬೆಯಿಂದ ಹದ್ದಿಗೆ, ಹದ್ದಿನಿಂದ ಮೊಲಕ್ಕೆ. ಮೊದಲು ಹೊರಕೋಣೆ ಹೋಯಿತು, ಆಮೇಲೆ ಅರ್ಧ ಮನೆ. ಕೊನೆಗೆ ಹುಳುಗಳೇ ಹೋದವು. ಬೇರೆ ಕಡೆಗಳಲ್ಲಿ ಬಹುಶಃ ದೊಡ್ಡ ಡಾಕ್ಟರುಗಳು ಪುಸ್ತಕದಿಂದ ಕಲಿತು ಮಾಡುವುದನ್ನು ಇಲ್ಲಿ ಒಬ್ಬ ಹೆಂಗಸು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಮೊದಲೇ ಹೇಳಿಬಿಟ್ಟಿದ್ದರು.

ನಾನು ಅಲ್ಲಿಗೆ ಮೊದಲು ಹೋದದ್ದು ಒಳ್ಳೆಯ ಉದ್ದೇಶದಿಂದಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗೆ ವಿಷಯ ಕೊಟ್ಟಿದ್ದರು: ಗಾಯಗೊಂಡ ಕಾಡುಪ್ರಾಣಿಯನ್ನು ಪ್ರಕೃತಿಗೇ ಬಿಡಬೇಕು, ಚಿಕಿತ್ಸೆ ಮನುಷ್ಯನ ಅಹಂಕಾರ. ನಾನು ಪರ. ಎದುರು ಪಕ್ಷದ ಉದಾಹರಣೆ ನಮ್ಮ ಊರಲ್ಲೇ ಇರುವಾಗ ಅದರ ತೂತುಗಳನ್ನು ಎಣಿಸಿಕೊಂಡು ಬರೋಣವೆಂದು ಒಂದು ಭಾನುವಾರ ನೋಟ್‌ಬುಕ್ ಹಿಡಿದು ಹೋದೆ. ನನ್ನ ವಾದವನ್ನೆಲ್ಲ ಒಂದೇ ಉಸಿರಿಗೆ ಅವರ ಮುಂದೆ ಇಟ್ಟೆ. ಅವರು ಎಲೆ ಅಡಿಕೆ ಜಗಿಯುತ್ತ ಕೊನೆಯವರೆಗೂ ಕೇಳಿದರು.

"ನೀನು ಹೇಳಾದ್ರಲ್ಲಿ ಮುಕ್ಕಾಲು ನಿಜ ಐತೆ ಲಾಯರಮ್ಮ. ಇಲ್ಲಿ ಉಳಿಯೋವುಕ್ಕಿಂತ ಸಾಯೋವೇ ಜಾಸ್ತಿ."

"ಮತ್ತೆ ಯಾಕೆ ಮಾಡ್ತೀರಿ?"

"ಬಾಗ್ಲು ತಟ್ತಾರಲ್ಲ. ನೀನೂ ಈಗ ತಟ್ಟಿದೆ, ತೆಗೀಲಿಲ್ವಾ?"

ಎದುರಾಳಿ ಒಪ್ಪಿಕೊಂಡುಬಿಟ್ಟರೆ ಏನು ಮಾಡಬೇಕೆಂದು ನಮಗೆ ಕಲಿಸಿರಲಿಲ್ಲ. ಒಳಗೆ ನೋಡಬೇಕೆಂದೆ. ಅವರು ಎದ್ದು ಬಾಯಿ ಮುಕ್ಕಳಿಸಿದರು, ಕಾಲು ತೊಳೆದರು. ಹೆಗಲ ಮೇಲಿನ ಟವೆಲಿನಿಂದ ಬಾಯಿಯನ್ನು ಈ ಕೆನ್ನೆಯಿಂದ ಆ ಕೆನ್ನೆಯವರೆಗೆ ಒಂದು ಸಲ ನಿಧಾನವಾಗಿ ಒರೆಸಿ, ಬಾಗಿಲ ಪಕ್ಕದ ಮೊಳೆಗೆ ಟವೆಲನ್ನು ನೇತುಹಾಕಿದರು.

"ಮಾತು ಇಲ್ಲಿ ನೇತಾಕ್ಬುಟ್ಟು ಒಳೀಕೆ ಬಾ."

ಹೊರಗೆ ಅಷ್ಟು ಹರಟುವ ಮನುಷ್ಯ ಹೊಸಿಲು ದಾಟಿದೊಡನೆ ಬೇರೆಯೇ ಆದರು. ಬೆರಳಿನಿಂದ ತೋರಿಸಿದರು, ಹುಬ್ಬಿನಿಂದ ಹೇಳಿದರು. ನೀರು ಬೇಕಾದರೆ ಬಿದಿರಿಗೆ ಎರಡು ಸಲ ತಟ್ಟುವುದು, ಹೊರಗೆ ಹೋಗು ಎಂದರೆ ಒಂದು ಸಲ. ಮಾತಿನಿಂದಲೇ ಬದುಕುವ ನನಗೆ ಅಲ್ಲಿ ಅರ್ಧ ಗಂಟೆ ಇದ್ದದ್ದು ನೀರಿನೊಳಗೆ ಮುಳುಗಿದ ಹಾಗಿತ್ತು. ಆದರೂ ಮುಂದಿನ ಭಾನುವಾರ ಮತ್ತೆ ಹೋದೆ. ಯಾಕೆ ಎಂಬುದಕ್ಕೆ ನನ್ನ ಬಳಿ ಕಾರಣವಿಲ್ಲ, ಕಾರಣ ಸೃಷ್ಟಿಸಿ ಹೇಳುವುದು ಇಷ್ಟವಿಲ್ಲ.

ಪ್ರಾಣಿಗಳಿಗೆ ಅವರು ಹೆಸರಿಡುತ್ತಿರಲಿಲ್ಲ. ಎಲ್ಲಿಂದ ಬಂತೋ ಆ ಊರೇ ಗುರುತು. "ಗೋರಂಟ್ಲಕ್ಕೆ ಹೊಟ್ಟೆ ಸರಿ ಇಲ್ಲ, ಚಿಲಮತ್ತೂರು ಬೆಳಗ್ಗಿಂದ ಏನೂ ತಿಂದಿಲ್ಲ" ಎಂದು ಫೋನಿನಲ್ಲಿ ಡಾಕ್ಟರಿಗೆ ಹೇಳುತ್ತಿದ್ದರೆ, ಪಕ್ಕದಲ್ಲಿ ಕೂತವರಿಗೆ ಯಾವುದೋ ಬರಗಾಲದ ವರದಿ ಕೇಳಿದ ಹಾಗಾಗುತ್ತಿತ್ತು. ಒಂದು ಮುದ್ದಾದ ಹೆಸರಿಡಬಾರದೇ ಎಂದು ನಾನು ವಾದಕ್ಕಿಳಿದಾಗ ಹೇಳಿದ್ದರು:

"ಹೆಸ್ರಿಕ್ಕಿದ್ರೆ ಕರೀಬೇಕು ಅನ್ನಿಸ್ತದೆ. ಕರದ್ರೆ ಬತ್ತದೆ. ಬಂದ್ರೆ ಸಾಯ್ತದೆ."

ಇನ್ನೊಂದು ಕಟ್ಟಳೆ ಅವರದೇ. ತಂದವರೇ ಬಂದು ಎತ್ತಿಕೊಂಡ ಜಾಗಕ್ಕೆ ವಾಪಸ್ ಬಿಡಬೇಕು. ಸಂಜೆ ಬರುತ್ತೇನೆಂದು ಹೋಗಿ ಬಾರದಿದ್ದ ಅಷ್ಟೂ ಜನರ ಮೇಲಿನ ಸೇಡು ಇದಿರಬಹುದು. ಗೋರಂಟ್ಲದ ಕಿರಾಣಿ ಅಂಗಡಿಯವರೊಬ್ಬರು ಗೂಬೆ ಮರಿ ತಂದುಕೊಟ್ಟಿದ್ದರು. ವಿಭೂತಿ ಹಚ್ಚಿದ ದೊಡ್ಡ ಹಣೆಯ ಮನುಷ್ಯ. ಮರಿ ಹಾರುವಂತಾದಾಗ ಕರೆಸಿದರೆ, ತಮ್ಮ ಹೊಸ ಗಾಡಿಯ ಪಕ್ಕ ನಿಂತು ಬೆವರತೊಡಗಿದರು.

"ಅಲ್ಲಾ ಕಾಂಪೌಂಡ್ರೇ, ಗೂಬೇನ ಈ ಗಾಡೀಲಿ ಎಂಗೆ ಕೂರಿಸ್ಕಳ್ಳಾದು? ಮನೇಲಿ ಏನಂತಾರೆ?"

"ತರೋವಾಗ ಅದು ಗಿಳಿ ಆಗಿತ್ತಾ ಸ್ವಾಮಿ?"

ಅವರು ಕೂರಿಸಿಕೊಂಡು ಹೋದರು. ಮರುದಿನ ಗಾಡಿ ತೊಳೆಸಿದರು ಎಂದೂ ಕೇಳಿದೆ. ಶ್ರದ್ಧಾಂಜಲಿ ಸಭೆಯಲ್ಲಿ ನವಿಲಿನ ಕಥೆ ಹೇಳಿದವರು ಅವರೇ.

ಸೆಟ್ಟೂರು ಬಂದದ್ದು ಕಡಲೆಕಾಯಿ ಕೀಳುವ ಕಾಲದಲ್ಲಿ. ಅದು ಕೃಷ್ಣಮೃಗದ ಮರಿ, ಹುಟ್ಟಿ ನಾಲ್ಕೈದು ದಿನವಾಗಿರಬಹುದು. ಸೆಟ್ಟೂರು ಕಡೆಯ ಹೊಲವೊಂದರಲ್ಲಿ ಬಳ್ಳಿಗಳ ಸಾಲಿನ ನಡುವೆ ಕಿವಿ ಮಡಿಸಿಕೊಂಡು ಮಲಗಿತ್ತು. ಕೂಲಿಗೆ ಬಂದಿದ್ದವನೊಬ್ಬ ತಬ್ಬಲಿ ಎಂದುಕೊಂಡು ಎತ್ತಿ, ಮೂರು ದಿನ ಮನೆಯಲ್ಲಿಟ್ಟು ಎಮ್ಮೆ ಹಾಲು ಕುಡಿಸಿ, ಅದು ಬೇಧಿ ಮಾಡಿಕೊಂಡ ಮೇಲೆ ಅರಣ್ಯದವರಿಗೆ ಒಪ್ಪಿಸಿದ. ಅರಣ್ಯದವರ ಜೊತೆ ಬಂದಿದ್ದ ಆ ಕೂಲಿಯವನ ಮೇಲೆ ಕಾಂಪೌಂಡರು ಸಿಟ್ಟಾದದ್ದನ್ನು ನಾನು ನೋಡಿದ ಒಂದೇ ಸಲ ಅದು.

"ತಾಯಿ ಸತ್ತಿರ್ಲಿಲ್ಲ ಕಣ್ಲಾ, ಮೇಯಕ್ಕೋಗಿತ್ತು. ಮರೀನ ಬಚ್ಚಿಟ್ಬುಟ್ಟು ದೂರ ಮೇಯೋದು ಅದರ ಪದ್ಧತಿ. ನಿಮ್ಮವ್ವ ಕೂಲಿಗೋದಾಗ ಯಾರಾರ ನಿನ್ನ ಎತ್ಕಂಡೋಗಿದ್ರಾ?"

"ತಪ್ಪಯಿಂದಿ ಸಾರ್" ಎಂದ ಅವನು, ತಪ್ಪಾಯಿತು ಎಂದು ತೆಲುಗಿನಲ್ಲಿ. ಆಮೇಲೆ ಅದೇ ಮಾತನ್ನು ಕನ್ನಡದಲ್ಲೂ ಹೇಳಿದ, ಒಂದರಲ್ಲಿ ಸಾಲದೇನೋ ಎಂಬಂತೆ.

ಮೂರು ದಿನ ಕಳೆದಿದ್ದರಿಂದ ವಾಪಸ್ ಇಡುವ ಹಾಗಿರಲಿಲ್ಲ. ಸಾಕಬೇಕು, ಸಾಕಿದ್ದು ಅದಕ್ಕೆ ಗೊತ್ತಾಗಬಾರದು. ಹುಳುಮನೆಯ ಮೂಲೆಯಲ್ಲಿ ಗೋಣಿತಟ್ಟಿನ ಪರದೆ ಕಟ್ಟಿ, ಮರಿಯ ಎತ್ತರಕ್ಕೆ ಒಂದು ತೂತು ಮಾಡಿ, ಆ ತೂತಿನಿಂದ ಬಾಟಲಿಯ ನಿಪ್ಪಲ್ ಮಾತ್ರ ತೂರಿಸುವುದು. ಮೇಕೆ ಹಾಲು. ಕೊಡುವವರ ಮುಖ ಕಾಣಕೂಡದು, ವಾಸನೆ ಬರಕೂಡದು, ದನಿ ಕೇಳಕೂಡದು. ಮನುಷ್ಯ ಎಂದರೆ ಹಾಲು ಎಂದು ಅದಕ್ಕೆ ತಿಳಿದ ದಿನ ಅದರ ಕಥೆ ಮುಗಿಯಿತು. ಇದನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರೋ. ನನಗೆ ಗೊತ್ತಿರಲಿಲ್ಲ ಎಂಬ ವಾದಕ್ಕೆ ಆದ್ದರಿಂದ ಇಲ್ಲಿ ಜಾಗವಿಲ್ಲ.

ಮರಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಕಾಂಪೌಂಡರ ಕಣ್ಣಿನ ಪೊರೆ ತೆಗೆಸಬೇಕಾಯಿತು. ಕಲ್ಯಾಣದುರ್ಗದಲ್ಲಿ ಅಣ್ಣನ ಮನೆಯಿದೆ, ಆಪರೇಷನ್ ಮುಗಿಸಿ ಅಲ್ಲೇ ಇದ್ದು ಬರುತ್ತೇನೆಂದು ಹೊರಟರು. ಬೆಳಗಿನ ಹಾಲನ್ನು ಅಜ್ಜಿ ಗೋಡೆ ಹಿಡಿದುಕೊಂಡು ಹೇಗೋ ಕೂತು ಮುಗಿಸುತ್ತಿದ್ದರು. ದಿನಕ್ಕೆ ಎರಡು ಸಲ ನೆಲಕ್ಕೆ ಕೂತು ಏಳಲು ಅವರ ಮಂಡಿ ಒಪ್ಪುತ್ತಿರಲಿಲ್ಲ. ಸಂಜೆಯದು ನನಗೆ ಬಂತು. ಹನ್ನೊಂದು ಸಂಜೆ.

ಆ ಹನ್ನೊಂದು ದಿನ ಮುಗಿಯುತ್ತಲೇ ಚರ್ಚಾಸ್ಪರ್ಧೆಯ ಮುಂದಿನ ಸುತ್ತು ಇತ್ತು. ವಿಷಯ ಅದೇ, ಪಕ್ಷ ಅದೇ. ನಮ್ಮ ಮನೆ ಮುಖ್ಯರಸ್ತೆಯ ಮೇಲೆ, ಕೆಳಗೆ ವೆಲ್ಡಿಂಗ್ ಅಂಗಡಿ, ಒಂದು ವಾಕ್ಯ ಗಟ್ಟಿಯಾಗಿ ಹೇಳಿ ನೋಡಲು ಜಾಗವಿಲ್ಲ. ಹುಳುಮನೆಯಲ್ಲಿ ಸದ್ದೇ ಇಲ್ಲ. ಬಾಟಲಿ ಖಾಲಿಯಾಗಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ನನ್ನ ಭಾಷಣಕ್ಕೆ ಕೊಟ್ಟಿದ್ದೂ ನಾಲ್ಕೇ ನಿಮಿಷ.

ಮೊದಲ ಸಂಜೆ ಬಾಯಿ ಮುಚ್ಚಿಕೊಂಡೇ ಕೂತಿದ್ದೆ. ಎರಡನೆಯ ಸಂಜೆ ಪಿಸುಗುಟ್ಟಿದೆ. ನಾಲ್ಕನೆಯ ಸಂಜೆಗೆ ವೇದಿಕೆಯ ದನಿ ಬಂದಿತ್ತು. "ಮಾನ್ಯ ತೀರ್ಪುಗಾರರೇ, ಪ್ರಕೃತಿಗೆ ಆಸ್ಪತ್ರೆ ಬೇಕಿಲ್ಲ. ದುರ್ಬಲವಾದದ್ದು ಅಳಿಯುವುದು ಕ್ರೌರ್ಯವಲ್ಲ, ಕ್ರಮ." ಪರದೆಯ ಆ ಕಡೆ ಮರಿ ಚಪ್ಪರಿಸುತ್ತಿತ್ತು. ನಾನು ನಿಲ್ಲಿಸಿದರೆ ಅದೂ ನಿಲ್ಲಿಸುತ್ತಿತ್ತು, ಮತ್ತೆ ಶುರುಮಾಡಿದರೆ ಅದೂ ಶುರುಮಾಡುತ್ತಿತ್ತು. ನನಗೆ ತಮಾಷೆಯೆನಿಸಿತು. ಉಪಯೋಗವೂ ಆಯಿತು. ಅದು ಚೀಪುವುದನ್ನು ಬಿಟ್ಟ ಜಾಗಗಳಲ್ಲಿ ನನ್ನ ವಿರಾಮ ಹೆಚ್ಚಾಗಿದೆ ಎಂದು ತಿಳಿದು ಕಡಿಮೆ ಮಾಡಿಕೊಂಡೆ. ಎಂಟನೆಯ ಸಂಜೆ ನಾನು ಬಾಗಿಲು ತೆಗೆಯುವ ಮೊದಲೇ ಅದು ಪರದೆಯ ಬಳಿ ಬಂದು ನಿಂತಿರುವುದು ಗೋಣಿತಟ್ಟು ಅಲ್ಲಾಡಿದ್ದರಿಂದ ಗೊತ್ತಾಯಿತು.

ಕೊನೆಯ ಸಂಜೆ ಹೊರಗೆ ಬಂದಾಗ ಅಜ್ಜಿ ಕಿಟಕಿಯ ಕೆಳಗೆ ನಿಂತಿದ್ದರು, ಒದ್ದೆ ಗೋಣಿ ಹಿಂಡುತ್ತ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಹಾಲು ಪೂರ್ತಿ ಕುಡೀತಾ?"

"ಕುಡೀತು ಅಜ್ಜಿ."

ಅಷ್ಟೇ. ಸ್ಪರ್ಧೆಯಲ್ಲಿ ನನಗೆ ಎರಡನೆಯ ಬಹುಮಾನ ಬಂತು. ಕಾಂಪೌಂಡರು ಕಪ್ಪು ಕನ್ನಡಕ ಹಾಕಿಕೊಂಡು ವಾಪಸ್ ಬಂದರು. "ಈಗ ನಿನ್ ಮೊಕ ಚೆನ್ನಾಗಿ ಕಾಣ್ತೈತೆ ಕಣಮ್ಮ. ಮೊದ್ಲೇ ವಾಸಿ ಇತ್ತು" ಎಂದು ನಕ್ಕರು. ಮರಿಗೆ ಮತ್ತೆ ಅವರೇ ಹಾಲಿಟ್ಟರು, ಕ್ರಮೇಣ ಹಾಲು ಬಿಡಿಸಿದರು, ಸೊಪ್ಪು ಹುಲ್ಲಿಗೆ ಹಚ್ಚಿದರು.

ಕೊಂಬು ಒಂದು ಗೇಣು ಬಂದ ಮೇಲೆ ಸೆಟ್ಟೂರು ಸೆಟ್ಟೂರಿಗೇ ಹೋಯಿತು. ಎತ್ತಿಕೊಂಡು ಬಂದಿದ್ದ ಕೂಲಿಯವನನ್ನೂ ಹುಡುಕಿ ಕರೆಸಿದ್ದರು. ದೂರದಲ್ಲಿ ಕೃಷ್ಣಮೃಗಗಳ ಹಿಂಡು ಕಾಣುತ್ತಿದ್ದ ಬಯಲಿನಲ್ಲಿ ಪೆಟ್ಟಿಗೆಯ ಬಾಗಿಲು ತೆಗೆದದ್ದು ಅವನೇ. ಅದು ಹಿಂದೆ ನೋಡದೆ ಹೋಯಿತು. ನಾವು ಯಾರೂ ಮಾತಾಡಿರಲಿಲ್ಲ. ಅದು ಹಿಂದೆ ನೋಡದಿರಲು ಕಾರಣ ನಮ್ಮ ಮೌನವೇ ಇರಬೇಕು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಹನ್ನೆರಡು ದಿನಕ್ಕೆ ಫೋನ್ ಬಂತು. ನಾಯಿಗಳು. ಕಳೇಬರವನ್ನು ಪರೀಕ್ಷೆಗೆ ಕಲ್ಯಾಣದುರ್ಗದ ಪಶು ಆಸ್ಪತ್ರೆಗೆ ತಂದಿದ್ದಾರೆ, ಬನ್ನಿ. ನಾನು ಅವತ್ತು ಹುಳುಮನೆಯಲ್ಲೇ ಇದ್ದೆ, ಜೊತೆಗೆ ಹೊರಟೆ.

ಅದನ್ನು ಜಗಲಿಯ ಮೇಲೆ ಮಲಗಿಸಿ ಗೋಣಿ ಹೊದೆಸಿದ್ದರು. ಒಂದು ಕಾಲದಲ್ಲಿ ಡಬ್ಬಿಗಳನ್ನು ಬಿಟ್ಟುಹೋಗುತ್ತಿದ್ದ ಜಗಲಿ. ಕಂಡವರ ಹೇಳಿಕೆ ಬೇಕೆಂದು ಅರಣ್ಯದವರು ಸೆಟ್ಟೂರು ಕಡೆಯ ಒಬ್ಬ ಹೆಂಗಸನ್ನು ಕರೆತಂದಿದ್ದರು. ಹೊಲದಲ್ಲಿ ಕಳೆ ತೆಗೆಯುತ್ತಿದ್ದವರ ಪೈಕಿ ಅವಳೊಬ್ಬಳು.

"ಓಡ್ಲೇ ಇಲ್ಲ ಸಾಮಿ" ಎಂದಳು. "ನಾವು ಏನೋ ನಮ್ ಪಾಡಿಗೆ ಮಾತಾಡ್ಕತಾ ನಗಾಡ್ತಾ ಇದ್ವಿ. ಬದುವಿನ ಮೇಲೆ ಬಂದು ನಿಂತ್ಕಂಡು ಕಿವಿ ಕೊಟ್ಟಿತ್ತು. ನಮ್ಮ ಅತ್ತೆ, ಅಮ್ಮಯ್ಯಾ, ದೇವರ ಜಿಂಕೆ ಅಂದ್ಳು. ಅಂಗೇ ನಾಯಿ ಬಂದ್ಬುಟ್ವು."

ಕಾಂಪೌಂಡರು ಕೇಳಿದರು, "ನೀವು ಮಾತು ನಿಲ್ಸಿದಾಗ ಏನ್ ಮಾಡ್ತು?"

"ತಲೆ ಎತ್ತಿ ನೋಡ್ತು ಸಾಮಿ. ತಿರ್ಗಾ ಮಾತಾಡಿದ್ರೆ ಒಂದೆಜ್ಜೆ ಮುಂದಕ್ಕೆ ಇಡ್ತಿತ್ತು."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ನನ್ನ ಕಡೆ ನೋಡಲಿಲ್ಲ.

ನನಗೆ ಅವತ್ತಿನಿಂದ ಇವತ್ತಿನವರೆಗೆ ಅಂಟಿಕೊಂಡಿರುವುದು ಆ ಹೆಂಗಸಿನ ಉತ್ತರವಲ್ಲ, ಕಾಂಪೌಂಡರ ಪ್ರಶ್ನೆ. ಪ್ರಾಣಿ ನಾಯಿಗೆ ಸಿಕ್ಕಿ ಸತ್ತಿದೆ. ಕೇಳಬೇಕಾದದ್ದು ಎಷ್ಟು ನಾಯಿ, ಯಾವ ಹೊತ್ತು, ಹಿಂಡು ಎಲ್ಲಿತ್ತು ಎಂದು. ಮಾತು ನಿಲ್ಲಿಸಿದಾಗ ಏನು ಮಾಡಿತು ಎಂದು ಯಾರಾದರೂ ಯಾಕೆ ಕೇಳುತ್ತಾರೆ? ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನೇ ಸಾಕ್ಷಿಗೆ ಕೇಳಬೇಕೆಂದು ನಮಗೆ ಕಲಿಸುತ್ತಾರೆ.

ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡಲೆಕಾಯಿ ಕೊಂಡರು. "ತಿನ್ನು, ಬೆಳಗ್ಗಿಂದ ಏನೂ ತಿಂದಿಲ್ಲ" ಎಂದು ಪೊಟ್ಟಣ ಮುಂದೆ ಹಿಡಿದರು. ತಿಂದೆ. ಚೆನ್ನಾಗಿ ಬೆಂದಿತ್ತು, ಉಪ್ಪು ಹಿಡಿದಿತ್ತು. ಒಳಗೆ ಏನಾದರೂ ಆಗಬೇಕು ಎಂದು ಕಾದು ಕೂತೆ, ಏನೂ ಆಗಲಿಲ್ಲ. ಆದದ್ದು ಒಂದೇ, ತಲೆ ತಾನಾಗಿ ವಾದ ಜೋಡಿಸತೊಡಗಿತು. ಬಾಟಲಿಯಲ್ಲಿ ಬೆಳೆದ ಯಾವ ಮರಿಯೂ ಪೂರ್ತಿ ಕಾಡಿನದಾಗುವುದಿಲ್ಲ. ಮೊದಲ ಮೂರು ದಿನ ಆ ಕೂಲಿಯವನ ಮನೆಯಲ್ಲಿ ಎಷ್ಟು ಜನರ ದನಿ ಕೇಳಿತ್ತೋ. ಹನ್ನೊಂದು ಸಂಜೆ, ದಿನಕ್ಕೆ ನಾಲ್ಕು ನಿಮಿಷ, ಒಟ್ಟು ಎಷ್ಟಾಯಿತು? ಕಾಡಿನಲ್ಲೇ ಹುಟ್ಟಿದವೂ ನಾಯಿಗಳಿಗೆ ಸಿಗುತ್ತವೆ. ವಾದ ಗಟ್ಟಿಯಾಗಿತ್ತು. ಹಿಂದೂಪುರ ಬರುವ ಹೊತ್ತಿಗೆ ಒಂದು ತೂತೂ ಉಳಿದಿರಲಿಲ್ಲ. ಆದರೆ ಆರೋಪವೇ ಬರಲಿಲ್ಲ. ಆರೋಪ ಬಾರದ ಮೇಲೆ ವಾದವನ್ನು ಎಲ್ಲಿಡುವುದು? ಅವರು ಕಿಟಕಿಯಾಚೆ ನೋಡುತ್ತ ಸಿಪ್ಪೆಗಳನ್ನು ಪೊಟ್ಟಣದೊಳಗೇ ಹಾಕುತ್ತಿದ್ದರು, ಒಂದೂ ಕೆಳಗೆ ಬೀಳದ ಹಾಗೆ.

ಮುಂದಿನ ಭಾನುವಾರ ಹೋದಾಗ ಹುಳುಮನೆಯ ಬಾಗಿಲ ಪಕ್ಕ, ಅವರ ಮೊಳೆಯಿಂದ ಒಂದು ಗೇಣು ಆಚೆಗೆ, ಇನ್ನೊಂದು ಮೊಳೆ ಇತ್ತು. ಹೊಸದು, ಹೊಳೆಯುತ್ತಿತ್ತು. ಸುತ್ತ ಸುಣ್ಣ ಉದುರಿತ್ತು.

"ನಿನ್ ಬ್ಯಾಗು ಇದಕ್ಕಾಕು. ನೆಲಕ್ಕಿಕ್ಕಿದ್ರೆ ಇರುವೆ ಮುತ್ಕತ್ತವೆ."

ಇರುವೆ ಮುತ್ತುವುದು ನಿಜ. ಬ್ಯಾಗಿನಲ್ಲಿ ಬಿಸ್ಕತ್ ಇರುತ್ತಿದ್ದುದೂ ನಿಜ. ಆದರೆ ನಾನು ಆ ಬ್ಯಾಗನ್ನು ಅದೇ ಜಾಗದಲ್ಲಿ ನೆಲದ ಮೇಲೆ ಇಡುತ್ತ ಒಂದೂವರೆ ವರ್ಷವಾಗಿತ್ತು. ಬ್ಯಾಗನ್ನು ನೇತುಹಾಕಿದೆ. ಅವರು ಟವೆಲಿನಿಂದ ಬಾಯಿ ಒರೆಸಿ ತಮ್ಮ ಮೊಳೆಗೆ ಹಾಕಿದರು. ಒಳಗೆ ಹೋದೆವು. ಅವತ್ತು ನಾನು ಹೇಳಿಬಿಡಬಹುದಿತ್ತು, ಹೊರಗೆ ಬಂದ ಮೇಲೆ, ಬಾಯಿ ಬಿಟ್ಟು. ಹೇಳಲಿಲ್ಲ. ಅದರ ಮುಂದಿನ ವಾರವೂ ಹೇಳಲಿಲ್ಲ. ಹೇಳದೆ ಇರುವುದಕ್ಕೂ ಒಂದು ಅಭ್ಯಾಸ ಬೇಕು, ಅದೂ ಬರುತ್ತದೆ. ಮಾತು ಕೂಡದ ಮನೆಯಲ್ಲಿ ನನಗೆ ಮೊದಲ ಸಲ ಆರಾಮವೆನಿಸಿದ್ದು ಆಮೇಲಿನ ದಿನಗಳಲ್ಲೇ.

ಅವರು ಹೋದದ್ದು ಒಂದು ಬೆಳಗ್ಗೆ, ಒಲೆಯ ಮುಂದೆ ಮೇಕೆ ಹಾಲು ಕಾಯಿಸುತ್ತ. ನಾನು ಊರಲ್ಲಿರಲಿಲ್ಲ, ಪರೀಕ್ಷೆಯಿತ್ತು. ಬಂದದ್ದು ಈ ಶ್ರದ್ಧಾಂ​ಜಲಿ ಸಭೆಗೆ.

ಶಾಮಿಯಾನವನ್ನು ಹುಳುಮನೆಯ ಎದುರಿಗೇ ಹಾಕಿದ್ದರು. ಕಾಂಪೌಂಡರ ಫೋಟೋಗೆ ಮಲ್ಲಿಗೆ ಹಾರ, ಮುಂದೆ ಊದುಬತ್ತಿಯ ಕಟ್ಟು. ಧ್ವನಿವರ್ಧಕವನ್ನು ಬೇವಿನ ಮರಕ್ಕೆ ಕಟ್ಟಿದ್ದರು, ಅದರ ಬಾಯಿ ಹುಳುಮನೆಯ ಕಿಟಕಿಯ ಕಡೆಗಿತ್ತು. ಒಳಗೆ ಒಂದು ಹದ್ದು, ಎರಡು ಗೂಬೆ. ಮೂಲೆಯಲ್ಲಿ, ಗೋಣಿ ಪರದೆಯ ಹಿಂದೆ, ಕಲ್ಯಾಣದುರ್ಗದ ಕಡೆಯಿಂದ ಬಂದ ಹೊಸ ಜಿಂಕೆ ಮರಿ, ಮೂರು ವಾರದ್ದು.

ನವಿಲು, ಜಿಂಕೆ, ಕೋತಿ ಮುಗಿದ ಮೇಲೆ ನನ್ನನ್ನು ಕರೆದರು. "ಅವರ ಮೊಮ್ಮಗಳ ಹಾಗಿದ್ದವರು, ಒಳ್ಳೆಯ ವಾಗ್ಮಿ, ಎರಡು ಮಾತು" ಎಂದರು. ನಾನು ಹೋಗಬಾರದಿತ್ತು. ಹೋದೆ. ನಾಲ್ಕು ನಿಮಿಷ ಮಾತಾಡಿದೆ, ಗಡಿಯಾರ ನೋಡದೆ ಸರಿಯಾಗಿ ನಾಲ್ಕು. ಚೆನ್ನಾಗಿಯೇ ಮಾತಾಡಿದೆ, ವಿರಾಮಗಳು ಎಲ್ಲಿ ಬೇಕೋ ಅಲ್ಲಿದ್ದವು. ಸಾವಿನ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದೆಂದು ನೆನಪಾಗುವ ಮೊದಲೇ ಕೆಲವರು ತಟ್ಟಿಬಿಟ್ಟರು. ಅಳು ಬರಲಿಲ್ಲ. ಬರುವ ಹಾಗೆ ಗಂಟಲು ಮಾಡಲು ನನಗೆ ಗೊತ್ತಿದೆ, ಅದನ್ನೂ ಮಾಡಲಿಲ್ಲ.

ಮಾತಿನ ನಡುವೆಯೇ ಅಜ್ಜಿ ಕಂಡರು. ಮುಂದಿನ ಸಾಲಿನಲ್ಲಿ ಅವರಿಗೆಂದು ಹಾಕಿದ್ದ ಕುರ್ಚಿ ಖಾಲಿಯಿತ್ತು. ಅವರು ಹುಳುಮನೆಯ ಕಿಟಕಿಯ ಬಳಿ ಬಕೆಟ್ಟಿನಲ್ಲಿ ಗೋಣಿ ಅದ್ದಿ ಅದ್ದಿ, ಇದ್ದ ಗೋಣಿಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಕಟ್ಟುತ್ತಿದ್ದರು. ಸದ್ದು ಒಳಗೆ ಹೋಗದಿರಲಿ ಎಂದು. ನಾನು ಮಾತಾಡುತ್ತಲೇ ಇದ್ದೆ.

ಇಳಿದು ನೇರ ಅಲ್ಲಿಗೆ ಹೋದೆ. ಮರಿಗೆ ಹಾಲಿನ ಹೊತ್ತಾಗಿತ್ತು. ಅಜ್ಜಿ ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲ ಬಳಿ ಕಾಲು ತೊಳೆಯುತ್ತಿದ್ದರು. ಗೋಡೆಯ ಮೇಲೆ ಕಾಂಪೌಂಡರ ಮೊಳೆ ಖಾಲಿಯಿತ್ತು. ಇನ್ನೊಂದಕ್ಕೆ ನನ್ನ ಕೈ ತಾನಾಗಿ ಬ್ಯಾಗನ್ನು ಹಾಕಿತು. ಮೊಳೆ ಈಗ ತುಕ್ಕು ಹಿಡಿದು ಹಳೆಯದರ ಹಾಗೇ ಆಗಿದೆ, ಹೊಸಬರು ಯಾರಾದರೂ ನೋಡಿದರೆ ಎರಡನ್ನೂ ಒಂದೇ ದಿನ ಹೊಡೆದದ್ದು ಎಂದುಕೊಂಡಾರು.

ಅಜ್ಜಿ ಸೆರಗಿನ ತುದಿ ಹಿಡಿದು ಬಾಯಿಯನ್ನು ಈ ಕೆನ್ನೆಯಿಂದ ಆ ಕೆನ್ನೆಯವರೆಗೆ ಒಂದು ಸಲ ನಿಧಾನವಾಗಿ ಒರೆಸಿಕೊಂಡರು. ಒಂದು ಕಾಲು ಹೊಸಿಲಿನ ಒಳಗಿಟ್ಟರು. ಹಿಂದೆ ಧ್ವನಿವರ್ಧಕದಲ್ಲಿ ಯಾರೋ ವಂದನಾರ್ಪಣೆ ಶುರುಮಾಡಿದ್ದರು. ನಾನು ಅವರ ಕಿವಿಯ ಹತ್ತಿರ ಬಗ್ಗಿ, ನನಗೆ ಬರುವುದರಲ್ಲೇ ಅತಿ ಸಣ್ಣ ದನಿಯಲ್ಲಿ ಕೇಳಿದೆ:

"ಅಜ್ಜಿ, ಆ ಹನ್ನೊಂದು ಸಂಜೆ ನೀವು ಕೇಳಿಸ್ಕೊಂಡ್ರಿ ತಾನೆ? ತಾತಂಗೆ ಹೇಳಿದ್ರಾ? ಈ ಮೊಳೆ ಅವರು ಹೊಡೆದಿದ್ದು ನನ್ನ ಬ್ಯಾಗಿಗಾ, ನನ್ನ ಬಾಯಿಗಾ?"